ಓದುಗರಿಗೆ ವರ್ಷಾಂತ್ಯದ ಪತ್ರ: ಸುದ್ದಿ ಎಷ್ಟು, ರಜೆಯ ಓದಿಗೆ ಏನು ಸೂಚಿಸುವುದು?

(ಪ್ರಶ್ನೆ ಮತ್ತು ಉತ್ತರಗಳು. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಹಿತ್ತಲ ಕದ

ಡಿಸೆಂಬರ್ ಮೂರನೇ ವಾರದಲ್ಲಿ ಓದುಗರಿಗೆ ಒಂದು ಪತ್ರ ಕಳಿಸಬೇಕೆಂದಿದ್ದೇನೆ. ಪಟ್ಟಿಯಲ್ಲಿ 380 ಇಮೇಲ್ ವಿಳಾಸಗಳಿವೆ. ಹೆಚ್ಚಿನವರು ಪುಸ್ತಕ ಬಿಡುಗಡೆಯ ದಿನ ವಿಳಾಸ ಬರೆದುಕೊಟ್ಟವರು, ಅರವತ್ತು ಮಂದಿ ಅಮೆರಿಕ ಮತ್ತು ಇಂಗ್ಲೆಂಡಿನಲ್ಲಿದ್ದಾರೆ.

ಹೇಳಬೇಕಾದ ಸುದ್ದಿ ಇಷ್ಟು. ಆಗಸ್ಟ್‌ನಲ್ಲಿ ಕಥಾಸಂಕಲನ ಬಂತು: ಡೆಮಿ ಅಷ್ಟಪತ್ರ, 192 ಪುಟ, ಏಳು ಅಚ್ಚಿನ ತಪ್ಪು ಉಳಿದುಕೊಂಡಿವೆ. ಕಾದಂಬರಿಯ ಎರಡನೇ ಕರಡು ಮುಗಿದಿದೆ. ಪ್ರಬಂಧಗಳ ಪುಸ್ತಕವೊಂದು ಡಿಸೆಂಬರ್ ಕೊನೆಗೆ ಅಚ್ಚಾಗಬಹುದು. ಇದರ ಜೊತೆಗೆ ರಜೆಯಲ್ಲಿ ಓದಲು ನನಗಿಷ್ಟವಾದ ಪುಸ್ತಕಗಳನ್ನೂ ಹೇಳಬೇಕೆಂದು ಆಸೆ. ಪಟ್ಟಿ ಮಾಡಿದರೆ ಇಪ್ಪತ್ತು ಆಯಿತು.

ಸುದ್ದಿಯನ್ನು ಯಾವ ಕ್ರಮದಲ್ಲಿ, ಎಷ್ಟು ಉದ್ದ ಬರೆಯಬೇಕು? ಇಪ್ಪತ್ತರಲ್ಲಿ ಯಾವುದನ್ನು ಉಳಿಸಬೇಕು? ನಾನು ಬರೆಯುವುದು "ನುಡಿ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ. ಇಮೇಲ್‌ಗೆ ಹಾಕಿದರೆ ಅಕ್ಷರ ಚೆಲ್ಲಾಪಿಲ್ಲಿ. ಸಹಿ ಹಾಕಿದ ಪ್ರತಿ ಬೇಕೆನ್ನುವವರಿಗೆ ಅಂಚೆಯಲ್ಲಿ ಕಳಿಸುವ ಸುಲಭ ದಾರಿಯೂ ತಿಳಿಯಬೇಕು.

ಮೂರನೇ ನೋಟ

ಸುದ್ದಿಯ ಭಾಗಕ್ಕೆ ಮಾತ್ರ ಉತ್ತರಿಸುತ್ತೇನೆ.

ಪತ್ರ 400 ಪದ ದಾಟದಿರಲಿ. ಪ್ರತ್ಯಯಗಳೆಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದವಾಗುತ್ತವೆ, ಹಾಗಾಗಿ ಇಂಗ್ಲಿಷ್ ಸುದ್ದಿಪತ್ರಗಳ ಪದಲೆಕ್ಕ ಇಲ್ಲಿ ಹಿಡಿಯುವುದಿಲ್ಲ. ಅಲ್ಲಿ ಹಿತವಾಗಿ ಓದಿಸಿಕೊಳ್ಳುವ 600 ಪದ ಕನ್ನಡದಲ್ಲಿ ಫೋನಿನ ಮೇಲೆ ಮುಗಿಯುವುದೇ ಇಲ್ಲ. 400ರಲ್ಲಿ 220 ಸುದ್ದಿಗೆ, 180 ಓದಿಗೆ.

ಮೊದಲ ವಾಕ್ಯದಲ್ಲೇ ಆಗಸ್ಟ್‌ನ ಪುಸ್ತಕ ಬರಬೇಕು. ಹೆಸರು, ಪ್ರಕಾಶನ, ಪುಟ, ಬೆಲೆ, ಎಲ್ಲಿ ಸಿಗುತ್ತದೆ, ಈ ಐದೂ ಒಂದೆರಡು ವಾಕ್ಯದಲ್ಲಿ ಮುಗಿಯಲಿ. ಇಂಥ ಪತ್ರಗಳು ಸಾಮಾನ್ಯವಾಗಿ ಕೆಡುವುದೇ ಇಲ್ಲಿ. ಕಾಲ ಉರುಳಿತು, ಇನ್ನೊಂದು ವರ್ಷ ಕಳೆಯಿತು ಎಂದು ಶುರುವಾಗಿ ಪುಸ್ತಕದ ಹೆಸರು ನಾಲ್ಕನೇ ಪ್ಯಾರಾದಲ್ಲಿ ಬರುತ್ತದೆ. ಇಮೇಲ್ ಪಟ್ಟಿಯಲ್ಲಿ ವಿಷಯದ ಪಕ್ಕ ಕಾಣುವುದು ಮೊದಲ ಸಾಲಿನ ಎಂಟು ಹತ್ತು ಪದ ಮಾತ್ರ. ಆ ಜಾಗ ಪೀಠಿಕೆಗೆ ಹೋದರೆ ಪತ್ರ ತೆರೆಯುವುದಕ್ಕೆ ಕಾರಣವೇ ಇರುವುದಿಲ್ಲ.

"ಎರಡನೇ ಕರಡು ಮುಗಿದಿದೆ" ಎಂದು ಬರೆಯಬೇಡಿ. ಕನ್ನಡದಲ್ಲಿ ಕರಡು ಎಂದರೆ ಲೇಖಕ ಬರೆದ ಪ್ರತಿಯೂ ಹೌದು, ಅಚ್ಚಿಗೆ ಮೊದಲು ತಪ್ಪು ತಿದ್ದಲು ತೆಗೆಯುವ ಪ್ರೂಫೂ ಹೌದು. ಎರಡನೇ ಪ್ರೂಫ್ ಮುಗಿದಿದೆ ಎಂದು ತಿಳಿದವರು ಫೆಬ್ರವರಿಯಲ್ಲಿ ಅಂಗಡಿಗೆ ಹೋಗಿ ಕೇಳುತ್ತಾರೆ. "ಎರಡನೇ ಸಲ ಪೂರ್ತಿ ಬರೆದಿದ್ದೇನೆ, ಇನ್ನೂ ಪ್ರಕಾಶಕರಿಗೆ ಕೊಟ್ಟಿಲ್ಲ" ಎಂದರೆ ಸ್ಪಷ್ಟ. ಮುಂದಿನ ಪುಸ್ತಕದ ಬಗ್ಗೆ ತಿಂಗಳು ಹೇಳುವುದಕ್ಕಿಂತ ಹಂತ ಹೇಳುವುದು ಒಳ್ಳೆಯದು: ಬರೆಯುತ್ತಿದ್ದೇನೆ, ಅಕ್ಷರ ಜೋಡಣೆಯಲ್ಲಿದೆ, ಪ್ರೂಫ್ ನೋಡುತ್ತಿದ್ದೇನೆ, ಮುಖಪುಟ ಆಗಬೇಕು, ಅಚ್ಚಿನಲ್ಲಿದೆ. ತಿಂಗಳು ತಪ್ಪುತ್ತದೆ, ಹಂತ ತಪ್ಪುವುದಿಲ್ಲ.

ಪ್ರಬಂಧಗಳ ಪುಸ್ತಕದ ವಿಷಯದಲ್ಲಿ ಒಂದು ಎಚ್ಚರ. ಡಿಸೆಂಬರ್ 28ಕ್ಕೆ ಅಚ್ಚಾದರೆ ಒಳಪುಟದಲ್ಲಿ ಮೊದಲ ಮುದ್ರಣ ಎಂದು ಈ ವರ್ಷವೇ ಬೀಳುತ್ತದೆ. ನಾಲ್ಕು ದಿನ ಕಳೆದರೆ ಅಂಗಡಿಯವರ ಕಣ್ಣಿಗೆ ಅದು ಹೋದ ವರ್ಷದ ಪುಸ್ತಕ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನಕ್ಕೂ ಲೆಕ್ಕ ಪ್ರಕಟಣೆಯ ಕ್ಯಾಲೆಂಡರ್ ವರ್ಷದ್ದೇ. ಆಗಸ್ಟ್‌ನ ಕಥಾಸಂಕಲನ ಹೇಗೂ ಈ ವರ್ಷದ್ದು, ಪ್ರಬಂಧಗಳನ್ನು ಜನವರಿಗೆ ಬಿಡುವುದು ವಾಸಿ. ಅವಸರದಲ್ಲಿ ಕೊನೆಯ ಪ್ರೂಫ್ ಬಿಟ್ಟುಹೋಗುವ ಅಪಾಯವೂ ತಪ್ಪುತ್ತದೆ. ಪತ್ರದಲ್ಲಿ ಅದಕ್ಕೆ ಒಂದು ಸಾಲು ಸಾಕು.

ಏಳು ತಪ್ಪುಗಳನ್ನು ಮಾತ್ರ ಖಂಡಿತ ಹಾಕಿ. ಪುಸ್ತಕ ಕೊಂಡವರಿಗೆ ಇಡೀ ಪತ್ರದಲ್ಲಿ ನೇರವಾಗಿ ಉಪಯೋಗಕ್ಕೆ ಬರುವ ಸುದ್ದಿ ಅದು. ಬರೆಯುವ ರೀತಿ ಹೀಗಿರಲಿ:

ಪುಟ 47, ಮೇಲಿನಿಂದ 9ನೇ ಸಾಲು: "ಬೇಲಿ ಹಾರಿದಳು" ಎಂದಿದೆ, "ಬೇಲಿ ಹಾಕಿದಳು" ಎಂದು ಓದಿಕೊಳ್ಳಿ.

ಮೇಲಿನಿಂದಲೋ ಕೆಳಗಿನಿಂದಲೋ ಹೇಳದಿದ್ದರೆ ಓದುಗ ಎರಡೂ ಕಡೆಯಿಂದ ಎಣಿಸಬೇಕಾಗುತ್ತದೆ. ಕಥೆಯ ಶೀರ್ಷಿಕೆಯನ್ನು ಸಾಲಾಗಿ ಎಣಿಸಬೇಡಿ. ತಪ್ಪು ಪದವೊಂದನ್ನೇ ಕೊಡದೆ ಅಕ್ಕಪಕ್ಕದ ಒಂದು ಪದವನ್ನೂ ಸೇರಿಸಿ, ಹುಡುಕುವುದು ಸಲೀಸು. ಅರ್ಥ ಕೆಡಿಸುವ ತಪ್ಪು ಮೊದಲು, ಬರೀ ಕಾಗುಣಿತದ್ದು ಆಮೇಲೆ. ಇದೇ ಪಟ್ಟಿಯನ್ನು ಪ್ರಕಾಶಕರಿಗೂ ಕಳಿಸಿಡಿ, ಎರಡನೇ ಮುದ್ರಣದ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಅರ್ಕಾವತ್ತು

ಅಕ್ಷರದ ಸಮಸ್ಯೆಗೆ.

ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರವನ್ನು ಇಂಗ್ಲಿಷ್ ಅಕ್ಷರದ ಸಂಖ್ಯೆಯ ಮೇಲೆ ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ಕೆಳಗಿನ ಇಂಗ್ಲಿಷ್ ಚಿಹ್ನೆಗಳೇ ಕಾಣುತ್ತವೆ. ಪರಿಹಾರ ಒಂದೇ, ಯೂನಿಕೋಡ್‌ಗೆ (ಎಲ್ಲ ಫೋನು, ಕಂಪ್ಯೂಟರ್‌ಗಳಿಗೂ ಒಂದೇ ಆದ ಅಕ್ಷರಸಂಕೇತ) ಪರಿವರ್ತಿಸುವುದು. ನುಡಿಯ ಹೊಸ ಆವೃತ್ತಿಗಳಲ್ಲಿ ಯೂನಿಕೋಡ್‌ನಲ್ಲೇ ಟೈಪ್ ಮಾಡಬಹುದು, ಕೀಲಿಮಣೆ ಬದಲಾಗುವುದಿಲ್ಲ. ಪತ್ರವನ್ನು ಹಾಗೆಯೇ ಬರೆದರೆ ಪರಿವರ್ತನೆಯ ಗೋಜೇ ಇಲ್ಲ. ಹಳೆಯ ಕಡತದಿಂದ ಪರಿಚಯದ ಸಾಲುಗಳನ್ನೋ ತಪ್ಪುಗಳ ಪಟ್ಟಿಯನ್ನೋ ಎತ್ತಿ ಹಾಕುವುದಾದರೆ ಮಾತ್ರ ಇವನ್ನು ನೋಡಿಕೊಳ್ಳಿ.

ಮೊದಲನೆಯದು ನನ್ನ ಹೆಸರಿನದೇ. ಹಳೆಯ ಫಾಂಟ್‌ನಲ್ಲಿ ಅರ್ಕಾವತ್ತನ್ನು ("ವರ್ಷ"ದಲ್ಲಿರುವ ರ್ ಚಿಹ್ನೆ) ಕಣ್ಣಿಗೆ ಕಾಣುವಂತೆ ವ್ಯಂಜನದ ನಂತರ ಒತ್ತುತ್ತಾರೆ. ಯೂನಿಕೋಡ್‌ನಲ್ಲಿ ರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಲು ಮರೆತರೆ "ವರ್ಷ" ಹೋಗಿ "ವಷರ್" ಆಗುತ್ತದೆ, "ಕರ್ನಾಟಕ" ಹೋಗಿ "ಕನಾರ್ಟಕ". ವರ್ಷಾಂತ್ಯದ ಪತ್ರದಲ್ಲಿ ವರ್ಷ ಎಂಬ ಪದ ಎಷ್ಟು ಸಲ ಬರುತ್ತದೆ ಯೋಚಿಸಿ. "ಷರ್", "ನಾರ್ಟ", "ಯರ್" ಎಂದು ಹುಡುಕಿ ಒಂದೊಂದೇ ತಿದ್ದಿ. ಒಟ್ಟಿಗೆ ಬದಲಿಸಲು ಹೋದರೆ ಸರಿಯಿದ್ದ ಪದಗಳೂ ಕೆಡುತ್ತವೆ.

ಎರಡನೆಯದು ಕಣ್ಣಿಗೆ ಬೀಳದ ತಪ್ಪು. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಕುಳಿತಿರುತ್ತದೆ. "ಅ೦ಗಡಿ" ಮತ್ತು "ಅಂಗಡಿ" ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಹುಡುಕಿದಾಗ ಮಾತ್ರ ಮೊದಲನೆಯದು ಸಿಗುವುದಿಲ್ಲ. ಪರದೆ ಓದುವ ತಂತ್ರಾಂಶ ಬಳಸುವ ಅಂಧ ಓದುಗರಿಗೆ ಅಲ್ಲಿ "ಸೊನ್ನೆ" ಎಂದೇ ಕೇಳಿಸಬಹುದು. ಪತ್ರದಲ್ಲಿ 1, 2, 3 ಅಂಕಿಗಳನ್ನೇ ಬಳಸಿದ್ದರೆ ಕೆಲಸ ಸುಲಭ. ೦ ಎಂದು ಹುಡುಕಿ, ಸಿಕ್ಕಿದ್ದೆಲ್ಲ ತಪ್ಪೇ.

ಮೂರನೆಯದು, "ಆಗಸ್ಟ್‌ನಲ್ಲಿ" ಎಂಬಂಥ ಪದಗಳಲ್ಲಿ ಟ್ ಮತ್ತು ನ ನಡುವೆ ಕಾಣದ ಒಂದು ಬಿಡಿಸುವ ಚಿಹ್ನೆ ಇರುತ್ತದೆ. ಕೆಲವು ಸುದ್ದಿಪತ್ರ ಸೇವೆಗಳು ಅಂಟಿಸುವಾಗ ಅದನ್ನು ಅಳಿಸಿಬಿಡುತ್ತವೆ, ಆಗ "ಆಗಸ್ಟ್ನಲ್ಲಿ" ಎಂದು ಒತ್ತಾಗಿ ಅಂಟುತ್ತದೆ. "ರ‍್ಯಾಂಕ್" ಎಂಬುದೂ ಇದೇ ಕಾರಣಕ್ಕೆ ಕೆಡುತ್ತದೆ. ಮೊದಲು ನಿಮಗೇ ಒಂದು ಪ್ರತಿ ಕಳಿಸಿಕೊಂಡು ಆಂಡ್ರಾಯ್ಡ್, ಐಫೋನ್, ಕಂಪ್ಯೂಟರ್ ಮೂರರಲ್ಲೂ ನೋಡಿ.

ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್, ಸಾಲಿನ ಅಂತರ 1.6. ಇಂಗ್ಲಿಷ್‌ಗೆ ಇಟ್ಟ 1.3 ಹಾಗೇ ಬಿಟ್ಟರೆ "ಶಾಸ್ತ್ರ", "ಸ್ತ್ರೀ" ಇಂಥವುಗಳ ಕೆಳಗಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸೊಗಸಾದ ಫಾಂಟ್ ಹುಡುಕುತ್ತ ಸಮಯ ಕಳೆಯಬೇಡಿ, ಜಿಮೇಲ್ ಹೊರಗಿನ ಫಾಂಟ್ ತರಿಸಿಕೊಳ್ಳುವುದಿಲ್ಲ. ಓದುಗರ ಫೋನಿನಲ್ಲಿ ಇರುವುದೇ ಕಾಣುತ್ತದೆ.

ಪತ್ರವನ್ನು ಚಿತ್ರ ಮಾಡಿ ಕಳಿಸುವ ರೂಢಿ ನಮ್ಮಲ್ಲಿ ಬಹಳ. ದಯವಿಟ್ಟು ಬೇಡ. ಚಿತ್ರದಲ್ಲಿನ ಕನ್ನಡವನ್ನು ಹುಡುಕಲಾಗದು, ದೊಡ್ಡದು ಮಾಡಿದರೆ ಮಸುಕಾಗುತ್ತದೆ, ನಾಲ್ಕು ಸಾಲು ಎತ್ತಿ ಗೆಳೆಯರಿಗೆ ಕಳಿಸಲಾಗದು. ಮುಖಪುಟದ ಒಂದೇ ಚಿತ್ರ, 800 ಪಿಕ್ಸೆಲ್ ಅಗಲ, 200 ಕೆಬಿ ಒಳಗೆ ಇರಲಿ.

ಕಳಿಸುವಾಗ ಎಲ್ಲ ವಿಳಾಸಗಳೂ ಬಿಸಿಸಿಯಲ್ಲಿ (ಉಳಿದವರಿಗೆ ಕಾಣದ ವಿಳಾಸದ ಸಾಲು) ಇರಬೇಕು. ಮೇಲಿನ ಸಾಲಿನಲ್ಲಿ ಹಾಕಿದರೆ 380 ಮಂದಿಯ ವಿಳಾಸ ಎಲ್ಲರಿಗೂ ಬಯಲು. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಸ್ವೀಕರಿಸುವವರ ಮಿತಿ, ಬಿಸಿಸಿಯ ಒಂದೊಂದು ವಿಳಾಸವೂ ಒಂದೊಂದು ಲೆಕ್ಕ. ಮಿತಿಯೊಳಗೇ ಇದ್ದರೂ ಒಂದೇ ಏಟಿಗೆ ಕಳಿಸಬೇಡಿ. ಎಂದೂ ಹಾಗೆ ಕಳಿಸದ ಖಾತೆಯ ಮೇಲೆ ಅನುಮಾನ ಬಂದು ಸ್ಪ್ಯಾಮ್‌ಗೆ ಹೋಗುತ್ತದೆ. ದಿನಕ್ಕೆ 95ರಂತೆ ನಾಲ್ಕು ದಿನ. ಕೊನೆಯಲ್ಲಿ "ಇನ್ನು ಬೇಡವಾದರೆ ಸಾಕು ಎಂದು ಉತ್ತರಿಸಿ" ಎಂಬ ಸಾಲು ಇರಲಿ, ಹಾಗೆಂದವರ ಹೆಸರನ್ನು ಅಂದೇ ತೆಗೆಯಿರಿ.

ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯ ಮಿತಿ. ನಿಮ್ಮ ಸಂಖ್ಯೆ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ, ಉಳಿದವರಿಗೆ ಹೋಗುವುದೇ ಇಲ್ಲ.

ಓಲೆಗರಿ

ಇಪ್ಪತ್ತು ಪುಸ್ತಕದ ಪಟ್ಟಿಯನ್ನು ಜನ ಮೆಚ್ಚುತ್ತಾರೆ, ಉಳಿಸಿಟ್ಟುಕೊಳ್ಳುತ್ತಾರೆ, ಓದುವುದಿಲ್ಲ. ಮೂರು ಕೊಡಿ. ಒಂದೇ ಸಲ ಕೂತು ಅಥವಾ ಎರಡು ದಿನದಲ್ಲಿ ಮುಗಿಯುವುದು ಒಂದು, ಮನೆಮಂದಿಗೆ ಗಟ್ಟಿಯಾಗಿ ಓದಬಹುದಾದ್ದು ಒಂದು, ರಜೆಯಲ್ಲಿ ಶುರುಮಾಡಿ ಆಮೇಲೆ ಮುಂದುವರಿಸುವ ದೊಡ್ಡದು ಒಂದು. ನಮ್ಮ ಓದುಗರು ನವೆಂಬರ್‌ನ ರಾಜ್ಯೋತ್ಸವ ರಿಯಾಯಿತಿಯಲ್ಲಿ ಕೊಂಡ ಪುಸ್ತಕ, ದೀಪಾವಳಿ ವಿಶೇಷಾಂಕ ಇನ್ನೂ ಮನೆಯಲ್ಲೇ ಇಟ್ಟುಕೊಂಡಿರುತ್ತಾರೆ. ಹಾಗಾಗಿ ಸುಲಭವಾಗಿ ಸಿಗುವ, ಗ್ರಂಥಾಲಯದಲ್ಲಿ ಇರುವ ಪುಸ್ತಕ ಹೇಳಿದರೆ ಓದಿನವರೆಗೂ ಹೋಗುತ್ತದೆ.

ಮೊದಲ ಬಗೆಗೆ ಶಿವರಾಮ ಕಾರಂತರ "ಬೆಟ್ಟದ ಜೀವ" (1943) ನನ್ನ ಆಯ್ಕೆ. ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ದಾರಿ ತಪ್ಪಿದವನು ಗೋಪಾಲಯ್ಯ, ಶಂಕರಿಯರ ಮನೆಯಲ್ಲಿ ಕೆಲವು ದಿನ ಅತಿಥಿಯಾಗಿ ಉಳಿಯುವುದೇ ಅದರ ಹಂದರ. ರಜೆಗೆ ಬೇರೆಯವರ ಮನೆಗೆ ಹೋಗಿ ಇದ್ದುಬರುವ ಅನುಭವ ಓದಿನಲ್ಲೇ ಸಿಗುತ್ತದೆ. ನೀವು ಸೂಚಿಸುವಾಗ "ಮನಮುಟ್ಟುವ ಕೃತಿ" ಎಂಬ ಮಾತು ಬಿಟ್ಟು ಇಂಥದೊಂದು ಹಂದರ, ಪುಟ ಎಷ್ಟು, ಎಷ್ಟು ಸಂಜೆ ಬೇಕು, ಇಷ್ಟು ಹೇಳಿ.

ಗಟ್ಟಿ ಓದಿಗೆ ಕ್ರಿಸ್ಮಸ್‌ನ ಹೊತ್ತಿಗೆ ಜಗತ್ತಿನಲ್ಲಿ ಹೆಚ್ಚು ಓದುವುದು ಡಿಕನ್ಸ್‌ನ "ಎ ಕ್ರಿಸ್ಮಸ್ ಕ್ಯಾರೊಲ್". ಲೇಖಕರಿಗೆ ಅದರ ಹುಟ್ಟಿನ ಲೆಕ್ಕವೂ ತಿಳಿದಿರಬೇಕು. ಸುಮಾರು ಆರು ವಾರದಲ್ಲಿ ಬರೆದು 1843ರ ಡಿಸೆಂಬರ್ 19ಕ್ಕೆ ತಂದದ್ದು. 5 ಶಿಲಿಂಗ್ ಬೆಲೆಯ 6,000 ಪ್ರತಿ ಹಬ್ಬದ ಹಿಂದಿನ ದಿನದೊಳಗೆ ಖಾಲಿ. ಆದರೆ ಅಚ್ಚಿನ ಖರ್ಚು ಡಿಕನ್ಸ್‌ನದೇ. ಕೈಯಿಂದ ಬಣ್ಣ ಹಾಕಿಸಿದ ಚಿತ್ರಗಳು, ಚಿನ್ನದ ಅಂಚು, ಇವಕ್ಕೆಲ್ಲ ಹಣ ಸುರಿದು, 1,000 ಪೌಂಡ್ ಬರಬಹುದೆಂದುಕೊಂಡ ಕಡೆ ಮೊದಲ ಮುದ್ರಣದಿಂದ ಸಿಕ್ಕಿದ್ದು 230.

ಅದರಲ್ಲಿ ಐದು ಭಾಗಗಳಿವೆ, ಡಿಸೆಂಬರ್ 21ರಿಂದ 25ರವರೆಗೆ ಸಂಜೆಗೊಂದರಂತೆ ಕೂರುತ್ತದೆ. ಮೂರನೆಯದು ಎಲ್ಲಕ್ಕಿಂತ ಉದ್ದ, ಮಕ್ಕಳು ನಿದ್ದೆಗೆ ಜಾರುವುದು ಅಲ್ಲೇ. ಕಥೆಯ ಬಡ ಗುಮಾಸ್ತ ಕ್ರ್ಯಾಚಿಟ್‌ನ ಮನೆಯ ಊಟ ಮುಗಿದಲ್ಲಿ ನಿಲ್ಲಿಸಿ, ಉಳಿದದ್ದನ್ನು ಮರುದಿನದ ನಾಲ್ಕನೆಯದಕ್ಕೆ ಸೇರಿಸಿಕೊಳ್ಳಿ. ಐದನೆಯದು ತೀರ ಚಿಕ್ಕದು. ಡಿಕನ್ಸ್ ತಾನೇ 1853ರ ಡಿಸೆಂಬರ್ 27ರಂದು ಬರ್ಮಿಂಗ್‌ಹ್ಯಾಮ್ ಟೌನ್ ಹಾಲ್‌ನಲ್ಲಿ ಸಭೆಗೆ ಓದಿದಾಗ ಸುಮಾರು ಮೂರು ಗಂಟೆ ಹಿಡಿಯಿತು. ಆಮೇಲೆ ಕತ್ತರಿಸುತ್ತ ಬಂದು ಅರ್ಧದಷ್ಟಕ್ಕೆ ಇಳಿಸಿದ. ಪುಸ್ತಕದ ಹಾಳೆಗಳನ್ನು ಬಿಡಿಸಿ ದೊಡ್ಡ ಹಾಳೆಗೆ ಅಂಟಿಸಿ, ಅಂಚಿನಲ್ಲಿ ಗುರುತು ಹಾಕಿಕೊಂಡು ಓದುತ್ತಿದ್ದ. ಮನೆಯಲ್ಲಿ ಓದುವವರೂ ಪೆನ್ಸಿಲ್ ಹಿಡಿಯಲಿ. "ಎಂದು ಹೇಳಿದ", "ಎಂದಳು" ಇವನ್ನು ಹೊಡೆದು ಹಾಕಬಹುದು, ಆ ಕೆಲಸ ದನಿಯೇ ಮಾಡುತ್ತದೆ.

ಆದರೆ ಕನ್ನಡದ ಮನೆಯಲ್ಲಿ ಗಟ್ಟಿ ಓದು ಎಂದರೆ ಕುಮಾರವ್ಯಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಚಳಿ, ಬೆಳಗಿನ ಹುಗ್ಗಿ. ಸಂಜೆಗೆ ವಿರಾಟಪರ್ವದ ಉತ್ತರಕುಮಾರನ ಪ್ರಸಂಗಕ್ಕಿಂತ ಒಳ್ಳೆಯದು ಬೇರೆ ಯಾವುದು? "ಉತ್ತರನ ಪೌರುಷ ಒಲೆಯ ಮುಂದೆ" ಎಂಬ ಗಾದೆಯನ್ನು ಒಲೆಯ ಮುಂದೆಯೇ ಕೂತು ಓದಬಹುದು. ಗಮಕದಲ್ಲಿ (ಕಾವ್ಯವನ್ನು ರಾಗವಾಗಿ ಓದುವುದು) ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ರಾಗ ಬಾರದವರು ಭಾಮಿನಿ ಷಟ್ಪದಿಯ, ಅಂದರೆ ಅವನು ಬಳಸಿದ ಆರು ಸಾಲಿನ ಪದ್ಯದ, ನಡಿಗೆ ಹಿಡಿದರೆ ಸಾಕು. ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಒಂದು, ಎರಡು, ನಾಲ್ಕು, ಐದನೇ ಸಾಲು 14 ಮಾತ್ರೆ, ಮೂರು ಮತ್ತು ಆರನೆಯದು 23. ಸಾಲಿನ ಕೊನೆಯಲ್ಲಿ ನಿಲ್ಲುವುದೇ ಎಲ್ಲರೂ ಮಾಡುವ ತಪ್ಪು. ಕುಮಾರವ್ಯಾಸನಲ್ಲಿ ಪದ ಸಾಲು ದಾಟಿ ಹೋಗುತ್ತದೆ, ಉಸಿರು ತೆಗೆದುಕೊಳ್ಳಬೇಕಾದ್ದು ಅರ್ಥ ಮುಗಿದಲ್ಲಿ. ಒಂದು ಸಂಜೆಗೆ ಹದಿನೈದು ಪದ್ಯ ಧಾರಾಳ.

ದೊಡ್ಡ ಪುಸ್ತಕಕ್ಕೆ ಡಿಸೆಂಬರ್ 29 ತಾನೇ ದಾರಿ ತೋರಿಸುತ್ತದೆ, ಕುವೆಂಪು ಹುಟ್ಟಿದ ದಿನ (1904). "ಮಲೆಗಳಲ್ಲಿ ಮದುಮಗಳು" (1967) ರಜೆಯೊಳಗೆ ಮುಗಿಸುವ ಪುಸ್ತಕವಲ್ಲ. ಅಂದು ಶುರುಮಾಡಿ ದಿನಕ್ಕೆ ಹತ್ತು ಹನ್ನೆರಡು ಪುಟದಂತೆ ಹೋದರೆ ಯುಗಾದಿಯ ಹೊತ್ತಿಗೆ ಮುಗಿಯುತ್ತದೆ. ಪಾತ್ರಗಳು ಬಹಳ, ಮನೆಗಳೂ ಬಹಳ. ಪುಸ್ತಕದ ಹಿಂದಿನ ಖಾಲಿ ಹಾಳೆಯಲ್ಲಿ ಯಾರು ಯಾವ ಮನೆಯವರು ಎಂದು ಬರೆದುಕೊಳ್ಳುತ್ತ ಹೋಗಿ ಎಂದು ಓದುಗರಿಗೆ ಹೇಳಿ. ಮೊದಲ ನೂರು ಪುಟದಲ್ಲಿ ಕೈಬಿಡುವವರು ಬಿಡುವುದು ಈ ಗೊಂದಲಕ್ಕೇ.

ಹಿತ್ತಲ ಕದ

ಬಹಳ ಉಪಕಾರವಾಯಿತು. ಪ್ರಬಂಧಗಳನ್ನು ಜನವರಿಗೆ ಬಿಡುತ್ತೇನೆ. ಒಂದು ಸಂದೇಹ: ಓದಿನ ಪಟ್ಟಿಯಲ್ಲಿ ನನ್ನ ಕಥಾಸಂಕಲನವನ್ನೂ ಸೇರಿಸಬಹುದೇ? ಅಂಚೆಯ ವಿಷಯ ಯಾರಾದರೂ ಹೇಳಿ.

ಕಟ್ಟುದಾರ

ಪಟ್ಟಿಯಲ್ಲಿ ಬೇಡ. ಸುದ್ದಿಯ ಭಾಗದಲ್ಲಿ ಅದಕ್ಕೆ ಮೊದಲ ಸಾಲೇ ಸಿಕ್ಕಿದೆ. ಕಾರಂತರ ಪಕ್ಕದಲ್ಲಿ ನಿಮ್ಮದನ್ನು ಕೂರಿಸಿದರೆ ಉಳಿದ ಎರಡು ಸೂಚನೆಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಓಲೆಗರಿಯವರ ಮೂರರಲ್ಲಿ ಒಂದು ಮಾತ್ರ ಬದಲಿಸಬೇಕೆನಿಸುತ್ತದೆ. ಮೂರೂ ಹಳೆಯವೇ ಆದವು. ಇದೇ ವರ್ಷ ಬಂದ, ಬೇರೆ ಲೇಖಕರ ಮೊದಲ ಪುಸ್ತಕವೊಂದನ್ನು ಮೊದಲ ಬಗೆಗೆ ಹಾಕಿ. ಮೊದಲ ಮುದ್ರಣ ಕೆಲವೇ ನೂರು ಪ್ರತಿ ಇರುವ ಕಡೆ ನಿಮ್ಮ 380 ಮಂದಿಯಲ್ಲಿ ಮೂವತ್ತು ಮಂದಿ ಕೊಂಡರೂ ಆ ಪುಸ್ತಕಕ್ಕೆ ದೊಡ್ಡ ಬಲ. ಐಸ್‌ಲ್ಯಾಂಡಿನಲ್ಲಿ ಇದು ಇಡೀ ನಾಡಿನ ರೂಢಿ. ಕ್ರಿಸ್ಮಸ್‌ಗೆ ಮೊದಲು ಹೊಸ ಪುಸ್ತಕಗಳ ಪಟ್ಟಿಯನ್ನು ಉಚಿತವಾಗಿ ಹಂಚುತ್ತಾರೆ, ಹಬ್ಬದ ಹಿಂದಿನ ಸಂಜೆ ಪುಸ್ತಕವೇ ಉಡುಗೊರೆ. ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷವನ್ನೂ ಮುಟ್ಟಿಲ್ಲ, ಆದರೂ ಪ್ರಕಾಶಕರ ವರ್ಷ ಈ ಎರಡು ಮೂರು ತಿಂಗಳ ಮೇಲೆ ನಿಂತಿದೆ.

ಈಗ ಅಂಚೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆಂದೇ ಜ್ಞಾನ್ ಪೋಸ್ಟ್ ತಂದಿದೆ. ಶುರುವಾದಾಗಿನ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100, ತೆರಿಗೆ ಬೇರೆ. ನಿಮ್ಮ ಪುಸ್ತಕದ ತೂಕ ಲೆಕ್ಕ ಹಾಕೋಣ. 192 ಪುಟ ಅಂದರೆ 96 ಹಾಳೆ. ಡೆಮಿ ಹಾಳೆ 8.5 x 5.5 ಇಂಚು, ಸುಮಾರು 0.03 ಚದರ ಮೀಟರ್. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಕಾಗದವಾದರೆ 203 ಗ್ರಾಂ, ರಕ್ಷಾಪುಟ 18ರಿಂದ 20, ಒಟ್ಟು 220ರ ಆಸುಪಾಸು. ರಟ್ಟು, ಹೊದಿಕೆ ಸೇರಿ 50 ಗ್ರಾಂ ಹಿಡಿದರೂ 270, ಮೊದಲ ದರದಲ್ಲೇ ಹೋಗುತ್ತದೆ. 80 ಜಿಎಸ್‌ಎಂ ಆಗಿದ್ದರೆ ಪುಸ್ತಕವೇ 250, ಪ್ಯಾಕಿಂಗ್ ಸೇರಿ ಗೆರೆಯ ಮೇಲೆ ಬಂದು ನಿಲ್ಲುತ್ತದೆ; ಆಗ ಬಬಲ್ ಹೊದಿಕೆ ಬಿಟ್ಟು ತೆಳು ರಟ್ಟು ಹಾಕಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿಕೊಂಡು ಹೋಗಿ. ಪುಸ್ತಕದ ಮೇಲೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಲೇಬೇಕು, ಜಾಹೀರಾತಿನ ಸಾಮಗ್ರಿಗೆ ಈ ದರ ಸಿಗದು.

ಇದು ನೆಲದ ದಾರಿಯಲ್ಲಿ ಹೋಗುವ ಟಪಾಲು. ಕ್ರಿಸ್ಮಸ್ ರಜೆಯೊಳಗೆ ಕೈಸೇರಬೇಕೆಂದರೆ ಡಿಸೆಂಬರ್ 12ರೊಳಗೆ ಅಂಚೆಗೆ ಹಾಕಿ. ತಡವಾದವರಿಗೆ ಸ್ಪೀಡ್ ಪೋಸ್ಟ್. ರಿಜಿಸ್ಟರ್ಡ್ ಪೋಸ್ಟ್ ಕೇಳಬೇಡಿ, 2025ರಲ್ಲೇ ಅದು ಸ್ಪೀಡ್ ಪೋಸ್ಟ್‌ನಲ್ಲೇ ಸೇರಿಹೋಗಿದೆ. ಅಂದರೆ ನಿಮ್ಮ ಪತ್ರ ಮೂರನೇ ವಾರಕ್ಕೆ ಹೋದರೆ ಸಹಿಪ್ರತಿಗೆ ತಡ. ಒಂದೋ ಪತ್ರವನ್ನು ಡಿಸೆಂಬರ್ 4, 5ಕ್ಕೆ ತನ್ನಿ, ಇಲ್ಲವೇ ಸಹಿಪ್ರತಿ ಸಂಕ್ರಾಂತಿಗೆ ಎಂದು ಬರೆಯಿರಿ. ಎರಡನೆಯದೇ ನೆಮ್ಮದಿ.

ಬಾಲ್‌ಪೆನ್ನಿನಲ್ಲಿ ಸಹಿ ಹಾಕಿ. ಜೆಲ್ ಶಾಯಿ ಎದುರು ಪುಟಕ್ಕೆ ಅಂಟುತ್ತದೆ. ಯಾರ ಹೆಸರಿಗೆ ಎಂದು ಕೇಳುವಾಗ ಕನ್ನಡದಲ್ಲೇ ಬರೆದು ಕಳಿಸಲು ಹೇಳಿ. ಇಂಗ್ಲಿಷ್ ಅಕ್ಷರದಲ್ಲಿ ಬಂದರೆ ಅದು ಲತಾನೋ ಲಥಾನೋ, ಮಾಲಿನಿಯೋ ಮಾಳಿನಿಯೋ ತಿಳಿಯದು, ಬರೆದಾದ ಮೇಲೆ ತಿದ್ದಲಾಗದು.

ಅರ್ಕಾವತ್ತು

ಹೊರದೇಶದವರ ಅರವತ್ತು ವಿಳಾಸಗಳನ್ನು ಬೇರೆ ಗುಂಪು ಮಾಡಿ, ಶನಿವಾರ ಸಂಜೆ 7.30ಕ್ಕೆ ಕಳಿಸಿ. ಆಗ ಲಂಡನ್ನಿನಲ್ಲಿ ಮಧ್ಯಾಹ್ನ 2, ನ್ಯೂಯಾರ್ಕ್‌ನಲ್ಲಿ ಬೆಳಗಿನ 9, ಕ್ಯಾಲಿಫೋರ್ನಿಯಾದಲ್ಲಿ ಬೆಳಗಿನ 6. ಚಳಿಗಾಲದಲ್ಲಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಿರುತ್ತದೆ, ಬೇಸಿಗೆಯ ಲೆಕ್ಕ ಹಿಡಿಯಬೇಡಿ. ಅವರ ಪ್ರತಿಯಲ್ಲಿ ಅಂಚೆಯ ಪ್ಯಾರಾ ತೆಗೆದು ಇ-ಪುಸ್ತಕ ಸಿಗುವ ಜಾಗ ಹಾಕಿ. ಜ್ಞಾನ್ ಪೋಸ್ಟ್ ದೇಶದೊಳಗೆ ಮಾತ್ರ.

ಮೂರನೇ ನೋಟ

ಸಹಿಪ್ರತಿ ಕಳಿಸುವ ಮುನ್ನ ಆ ಏಳು ತಪ್ಪುಗಳನ್ನು ಪ್ರತಿಯಲ್ಲೇ ಪೆನ್ಸಿಲಿನಿಂದ ತಿದ್ದಿಬಿಡಿ. ಪುಸ್ತಕಕ್ಕೆ ನಾಲ್ಕು ನಿಮಿಷ. ತಪ್ಪುಗಳ ಪುಟಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಪಕ್ಕಕ್ಕಿಟ್ಟುಕೊಂಡು, ಹಿಂದಿನ ಪುಟದಿಂದ ಮುಂದಕ್ಕೆ ಬನ್ನಿ. ಕೊನೆಗೆ ಸಹಿಯ ಹಾಳೆಯೇ ಎದುರಿಗೆ ಬರುತ್ತದೆ.